ದೊಡ್ಡ ಮಕ್ಕಳು ಥೀಮ್ ಪಾರ್ಕಿಗೆ ವೇಷ ಹಾಕಿಕೊಂಡು ಹೋಗಬಹುದಾ? ಹೊರಡುವ ಮೊದಲು ಮಾಡಬೇಕಾದ್ದು

ಬೇಸಿಗೆ ಸೂಟಿ ಬಿಟ್ಟ ವಾರದಿಂದ ನನಗೆ ಒಂದೇ ಪ್ರಶ್ನೆ ತಿರುತಿರುಗಿ ಬರುತ್ತದೆ. ಡಿಸೆಂಬರ್‌ನಲ್ಲಿ ಶಾಲಾ ಟ್ರಿಪ್ ಶುರುವಾದಾಗ ಮತ್ತೊಂದು ಸುತ್ತು. "ಮಗನಿಗೆ 14 ಆತು, ಪಾರ್ಕಿಗೆ ಸೂಪರ್‌ಹೀರೊ ಡ್ರೆಸ್‌ನ್ಯಾಗ ಬರ್ತೀನಿ ಅಂತಾನ, ಒಳಗ ಬಿಡ್ತಾರೇನ್ರಿ?" "ಮಗಳು ಎಂಟನೇ ಕ್ಲಾಸು, ಅನಿಮೆ ವೇಷ ಹೊಲಿಸಿಕೊಡು ಅಂತ ಗಂಟುಬಿದ್ದಾಳ, ಮಂದಿ ಏನಂತಾರ?" ನಾನು ಹುಬ್ಬಳ್ಳಿಯಲ್ಲಿ ಶಾಲಾ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಛದ್ಮವೇಷ ಸ್ಪರ್ಧೆಗೆ ಬಟ್ಟೆ ಹೊಲಿಯುತ್ತೇನೆ. ಹಾಗಾಗಿ ಅಳತೆ ಕೊಡೋಕೆ ಬಂದವರು ಈ ಪ್ರಶ್ನೆಯನ್ನೂ ಕೇಳಿಯೇ ಹೋಗುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಮೊದಲು ಚಿಕ್ಕ ಉತ್ತರ. ಹಾಕಬಹುದು. 11 ಆಗಲಿ 16 ಆಗಲಿ, ವೇಷದ ಆಸೆ ತಪ್ಪಲ್ಲ. ಆದರೆ ಕೆಲವು ಪಾರ್ಕುಗಳಲ್ಲಿ ವಯಸ್ಸಿನ ನಿಯಮ ಇದೆ, ನೀರಿನ ಆಟಗಳಲ್ಲಿ ಬಟ್ಟೆಯ ನಿಯಮ ಇದೆ, ಯಂತ್ರದ ಆಟಗಳಲ್ಲಿ ಜೋತುಬಿದ್ದ ಬಟ್ಟೆ ನಿಜವಾಗಲೂ ಅಪಾಯ. ಇವನ್ನು ನೋಡದೆ ಹೊಲಿಸಿದರೆ ದುಡ್ಡೂ ಹೋಗುತ್ತದೆ, ಗೇಟಿನ ಮುಂದೆ ಹುಡುಗನ ಮುಖವೂ ಸಣ್ಣದಾಗುತ್ತದೆ. ಅದಕ್ಕೇ ಈ ಕ್ರಮದಲ್ಲಿ ಹೋಗಿ.

ಕೆಲವು ಮಾತುಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಕಾಸ್‌ಪ್ಲೇ ಅಂದರೆ ಕಾಮಿಕ್ಸ್, ವಿಡಿಯೊ ಗೇಮ್, ಅನಿಮೆಯ ಪಾತ್ರದಂತೆ ತಲೆಯಿಂದ ಕಾಲಿನವರೆಗೆ ವೇಷ ಹಾಕುವುದು. ಅನಿಮೆ ಅಂದರೆ ಜಪಾನಿನ ಕಾರ್ಟೂನ್. ಕೇಪ್ ಅಂದರೆ ಹೆಗಲಿಂದ ಬೆನ್ನ ಮೇಲೆ ಇಳಿಬಿಡುವ ಬಟ್ಟೆ. ಪ್ರಾಪ್ ಅಂದರೆ ಪಾತ್ರದ ಕೈಯಲ್ಲಿರುವ ಕತ್ತಿ, ಕೋಲು, ಗುರಾಣಿ. ಡ್ರೈ ರೈಡ್ ಅಂದರೆ ನೀರಿಲ್ಲದ ಯಂತ್ರದ ಆಟ, ವಾಟರ್ ರೈಡ್ ಅಂದರೆ ಜಾರುಬಂಡಿ, ಅಲೆ ಕೊಳ ಮುಂತಾದ ನೀರಾಟ.

ಏನೇನು ಬೇಕು

ಕನಿಷ್ಠ 15 ದಿನ ಸಮಯ ಬೇಕು. ಪಾರ್ಕಿನ ನಿಯಮಗಳ ಪುಟ, ಫೋನಲ್ಲಿ ತೆರೆದಿಟ್ಟುಕೊಳ್ಳಿ. ಅಳತೆ ಟೇಪು. ವೆಲ್ಕ್ರೋ, ಅಂದರೆ ಚರ್ರಂತ ಬಿಚ್ಚುವ ಅಂಟುಪಟ್ಟಿ. ಟಿಚ್ ಬಟನ್. ಇನ್ನೊಂದು ಜೊತೆ ಸಾದಾ ಬಟ್ಟೆ, ಅದು ಕಡ್ಡಾಯ. ನೀರಾಟ ಇದ್ದರೆ ನೈಲಾನ್ ಈಜುಡುಗೆ. ಒದ್ದೆ ಬಟ್ಟೆ ಹಾಕೋಕೆ ಒಂದು ಪ್ಲಾಸ್ಟಿಕ್ ಚೀಲ. ಇಷ್ಟು ಸಾಕು. ಬಟ್ಟೆ, ಲೇಸು, ಮಣಿ ಎಲ್ಲ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ.

1. ಮೊದಲು ಮಗುವಿನ ಜೊತೆ ಕೂತು ಮಾತಾಡಿ

ವೇಷ ಯಾರಿಗೆ ಬೇಕಾಗಿದೆ? ಇದನ್ನು ಮೊದಲು ಕೇಳಿ. ಐದು ವರ್ಷದ ಮಗುವಿಗೆ ಕೃಷ್ಣನ ವೇಷ ಹಾಕಿದಂತೆ 13 ವರ್ಷದವಳಿಗೆ ನೀವೇ ಹಾಕಿಸೋಕೆ ಹೋದರೆ ಅವಳಿಗೆ ಅದು ಶಿಕ್ಷೆ. ಅಕ್ಕ, ತಮ್ಮ, ಅಪ್ಪ, ಅವ್ವ ಎಲ್ಲ ಒಂದೇ ಥರ ಹಾಕಿ ಫೋಟೊ ತೆಗೆಸೋಣ ಅನ್ನುವ ಆಸೆ ಎಷ್ಟೋ ಸಲ ದೊಡ್ಡವರದೇ ಆಗಿರುತ್ತದೆ. ಹುಡುಗ ಬೇಡ ಅಂದರೆ ಅಲ್ಲಿಗೆ ಬಿಡಿ.

ಅವನಿಗೇ ಬೇಕು ಅಂದರೆ, ಎರಡನೇ ಮಾತು. ಯಾವ ಪಾತ್ರ, ಯಾಕೆ ಅದೇ, ದಿನವಿಡೀ ಹಾಕುತ್ತಾನಾ ಅಥವಾ ಫೋಟೊಗೆ ಒಂದು ತಾಸು ಸಾಕಾ ಅಂತ ಕೇಳಿ. ಬಹಳ ಮಕ್ಕಳಿಗೆ ಬೇಕಾಗಿರುವುದು ಆ ಒಂದು ತಾಸು ಮಾತ್ರ. ಅದು ಗೊತ್ತಾದರೆ ಮುಂದಿನ ಅರ್ಧ ತಲೆನೋವು ಇಲ್ಲಿಗೇ ಮುಗಿಯುತ್ತದೆ.

ಇನ್ನು ಮಂದಿಯ ಮಾತು. "ಇಷ್ಟು ದೊಡ್ಡವನಾಗೀಯಲ್ಲೋ, ಇನ್ನೂ ಇದೇನ್ ವ್ಯಾಷ" ಅಂತ ಮನೆಗೆ ಬಂದ ಕಾಕಾನೋ ಅತ್ತೆಯೋ ಅಂದುಬಿಡುತ್ತಾರೆ. ಆ ಮಾತು ಹುಡುಗನ ಮನಸ್ಸಿಗೆ ಎಷ್ಟು ನಾಟುತ್ತದೆ ಅಂತ ಅಳತೆ ತೆಗೆಯುವಾಗ ನಾನು ನೋಡಿದ್ದೇನೆ, ಭುಜ ಕುಗ್ಗಿಸಿಕೊಂಡು ನಿಲ್ಲುತ್ತಾರೆ. ನಮ್ಮ ಭಾಗದಲ್ಲಿ ವೇಷ ಯಾವತ್ತೂ ಸಣ್ಣ ಮಕ್ಕಳ ಆಟ ಮಾತ್ರ ಆಗಿರಲಿಲ್ಲ. ದೊಡ್ಡಾಟ, ಸಣ್ಣಾಟಕ್ಕೆ ಬಣ್ಣ ಹಚ್ಚಿದವರಲ್ಲಿ ಹೊಲಗೆಲಸ ಮಾಡುವ ಗಂಡಸರು ಬಹಳ. ಹಗಲುವೇಷದವರು ಅದರಲ್ಲೇ ಬದುಕು ಕಟ್ಟಿಕೊಂಡವರು. ಮೊಹರಂನಲ್ಲಿ ಹುಲಿ ವೇಷ ಹಾಕುವವರಲ್ಲಿ ಮೀಸೆ ಬಂದವರೇ ಜಾಸ್ತಿ. ರಂಗನಟ ಏಣಗಿ ಬಾಳಪ್ಪನವರು ಹುಡುಗರಾಗಿದ್ದಾಗ ಸ್ತ್ರೀ ಪಾತ್ರ ಮಾಡುತ್ತಿದ್ದರು, ಆಮೇಲೆ ಬಸವಣ್ಣನ ಪಾತ್ರಕ್ಕೆ ಹೆಸರಾದರು, ನೂರು ವರ್ಷ ದಾಟಿ ಬದುಕಿದರು. ಇದನ್ನೆಲ್ಲ ಕಾಕಾನಿಗೆ ಹೇಳಿ. ಹುಡುಗನಿಗೂ ಹೇಳಿ.

2. ಯಾವ ಪಾರ್ಕು ಅಂತ ತೀರ್ಮಾನಿಸಿ, ಅದರ ನಿಯಮ ಓದಿ

ಬಟ್ಟೆ ಅಂಗಡಿಗೆ ಹೋಗುವ ಮೊದಲೇ ಇದು ಆಗಬೇಕು. ಎಲ್ಲ ಪಾರ್ಕೂ ಒಂದೇ ಅಲ್ಲ.

ನಮ್ಮವರು ಜಾಸ್ತಿ ಹೋಗುವುದು ಬೆಂಗಳೂರಿನ ಆಚೆ ಬಿಡದಿಯಲ್ಲಿರುವ ವಂಡರ್‌ಲಾಗೆ. 2005ರಿಂದ ಇದೆ. ಅಲ್ಲಿ ನೀರಿನ ಆಟಗಳೂ ಬಹಳ. ವಾಟರ್ ರೈಡ್‌ಗೆ ನೈಲಾನ್ ಅಥವಾ ಅಂಥದ್ದೇ ಸಿಂಥೆಟಿಕ್ ಈಜುಡುಗೆಯೇ ಬೇಕು. ಕಾಟನ್ ಬಟ್ಟೆ, ಸೀರೆ, ಧೋತರ, ವೇಲು ಇದ್ದರೆ ನೀರಿಗೆ ಬಿಡುವುದಿಲ್ಲ. ಅಂದರೆ ನೀವು ಎಷ್ಟೇ ಚೆಂದದ ವೇಷ ಹೊಲಿಸಿದರೂ ಅದು ಡ್ರೈ ರೈಡ್ ಮತ್ತು ಫೋಟೊಗಷ್ಟೇ.

ಬೆಳಗಾವಿ, ಕೊಲ್ಲಾಪುರ, ಪುಣೆ ದಾಟಿ ಖೋಪೋಲಿ ಹತ್ತಿರದ ಇಮ್ಯಾಜಿಕಾಗೆ ಕಾರಲ್ಲಿ ಹೋಗುವವರೂ ಇದ್ದಾರೆ. 2013ರಲ್ಲಿ ಶುರುವಾದ ಪಾರ್ಕು. ಅಲ್ಲಿ ಥೀಮ್ ಪಾರ್ಕ್ ಬೇರೆ, ವಾಟರ್ ಪಾರ್ಕ್ ಬೇರೆ. ಟಿಕೆಟ್ ಯಾವುದಕ್ಕೆ ಅಂತ ನೋಡಿಕೊಂಡು ಬಟ್ಟೆ ಯೋಚಿಸಿ.

ಈಗ ಎಲ್ಲರೂ ಕೇಳುವ 14ರ ಲೆಕ್ಕ. "14 ದಾಟಿದರೆ ವೇಷ ಹಾಕಬಾರದಂತೆ ಹೌದಾ" ಅಂತ ಕೇಳುತ್ತಾರಲ್ಲ, ಅದು ಬಂದಿರುವುದು ಡಿಸ್ನಿ ಪಾರ್ಕುಗಳಿಂದ. ಅಮೆರಿಕದ ಡಿಸ್ನಿಲ್ಯಾಂಡ್ ಮತ್ತು ಡಿಸ್ನಿ ವರ್ಲ್ಡ್‌ನಲ್ಲಿ 14 ಮತ್ತು ಅದಕ್ಕಿಂತ ದೊಡ್ಡವರು ವೇಷ, ಮುಖವಾಡ ಹಾಕುವಂತಿಲ್ಲ. ಹ್ಯಾಲೋವೀನ್ ಹಬ್ಬದಂಥ, ಬೇರೆ ಟಿಕೆಟ್ ಇರುವ ರಾತ್ರಿ ಕಾರ್ಯಕ್ರಮಗಳಿಗೆ ಮಾತ್ರ ಸಡಿಲಿಕೆ. ಆಗಲೂ ದೊಡ್ಡವರಿಗೆ ಮುಖವಾಡ ಇಲ್ಲ, ಕೇಪ್ ಸೊಂಟದಿಂದ ಕೆಳಗೆ ಇಳಿಯಬಾರದು. 13ರವರೆಗಿನವರು ಯಾವತ್ತೂ ವೇಷ ಹಾಕಬಹುದು, ಮುಖ ಪೂರ್ತಿ ಮುಚ್ಚಬಾರದು, ಕಣ್ಣು ಕಾಣಬೇಕು. ಟೋಕಿಯೊ ಡಿಸ್ನಿಯಲ್ಲಿ ಇನ್ನೂ ಬಿಗಿ. ಪ್ರಾಥಮಿಕ ಶಾಲೆ ವಯಸ್ಸಿನವರೆಗೆ ವರ್ಷವಿಡೀ ಸರಿ, ಅದಕ್ಕಿಂತ ದೊಡ್ಡವರಿಗೆ ಅವರೇ ಗೊತ್ತುಮಾಡಿದ ದಿನಗಳಲ್ಲಿ ಮಾತ್ರ.

ಯಾಕೆ ಈ ನಿಯಮ ಅಂತ ಮಕ್ಕಳಿಗೆ ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಪಾರ್ಕುಗಳಲ್ಲಿ ಮಿಕ್ಕಿ, ರಾಜಕುಮಾರಿಯರ ವೇಷದಲ್ಲಿ ಪಾರ್ಕಿನ ಸಿಬ್ಬಂದಿ ಓಡಾಡುತ್ತಿರುತ್ತಾರೆ. ಸಣ್ಣ ಮಕ್ಕಳು ಅವರ ಹತ್ತಿರ ಓಡಿಹೋಗಿ ಅಪ್ಪಿಕೊಳ್ಳುತ್ತವೆ. ಹೊರಗಿಂದ ಬಂದ ದೊಡ್ಡ ದೇಹದ ಒಬ್ಬರು ಅದೇ ವೇಷದಲ್ಲಿ ನಿಂತರೆ ಮಗುವಿಗೆ ಯಾರು ಸಿಬ್ಬಂದಿ, ಯಾರು ಅಲ್ಲ ಅಂತ ಹೇಗೆ ಗೊತ್ತಾಗಬೇಕು? ಇನ್ನೊಂದು, ಮುಖ ಮುಚ್ಚಿಕೊಂಡ ದೊಡ್ಡವರನ್ನು ಕ್ಯಾಮೆರಾದಲ್ಲಿ ಗುರುತಿಸೋಕೆ ಆಗಲ್ಲ. ಅಂದರೆ 14 ಅನ್ನುವುದು ನಾಚಿಕೆಯ ಗೆರೆ ಅಲ್ಲ, ಕಾವಲಿನ ಗೆರೆ. ನಮ್ಮೂರ ಸಣ್ಣ ಪಾರ್ಕಿಗೆ ಆ ಲೆಕ್ಕ ತಂದು ಹಚ್ಚಬೇಕಾಗಿಲ್ಲ. ಆದರೆ ವಿದೇಶ ಪ್ರವಾಸಕ್ಕೆ ಹೋಗುವವರು ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನ ನೋಡಿಕೊಂಡೇ ಬಟ್ಟೆ ತುಂಬಿ. ಹೊರಡುವ ದಿನ 13, ಅಲ್ಲಿ ಕಾಲಿಡುವ ದಿನ 14 ಆಗಿದ್ದರೆ ಲೆಕ್ಕ ಬದಲಾಗುತ್ತದೆ.

ಹತ್ತಿರದ ಜಾಗಗಳ ಮಾತು ಬೇರೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ತಿರುಗುವ ಯಂತ್ರಗಳಿಗಿಂತ ನೋಡುವುದೇ ಜಾಸ್ತಿ, ಕಲಾವಿದ ಸೊಲಬಕ್ಕನವರ ಕಟ್ಟಿದ ಹಳ್ಳಿ ಬದುಕಿನ ಶಿಲ್ಪಗಳು. ಅಲ್ಲಿ ಇಳಕಲ್ ಸೀರೆ, ಧೋತರ, ರುಮಾಲು ಸುತ್ತಿಕೊಂಡ ಮಕ್ಕಳು ಆ ಶಿಲ್ಪಗಳ ನಡುವೆ ನಿಂತರೆ ಎಷ್ಟು ಚೆಂದ ಕಾಣುತ್ತಾರೆ ಗೊತ್ತಾ! ಮೊದಲ ಸಲ ವೇಷದಲ್ಲಿ ಹೊರಗೆ ಬರುವ ಮಗುವಿಗೆ ಇಂಥ ಜಾಗವೇ ಒಳ್ಳೆಯದು. ಹುಬ್ಬಳ್ಳಿಯಿಂದ ಹೆದ್ದಾರಿಯಲ್ಲೇ ಹೋಗಿ ಮಧ್ಯಾಹ್ನಕ್ಕೆ ವಾಪಸ್ ಬರಬಹುದು.

ಯಾವುದೇ ಪಾರ್ಕಾದರೂ ಟಿಕೆಟ್ ಮಾಡುವ ಮೊದಲು ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ವೇಷ ಹಾಕಿ ಒಳಗೆ ಬರಬಹುದಾ? ಮುಖವಾಡ, ಕತ್ತಿಯಂಥ ವಸ್ತು ಬಿಡುತ್ತೀರಾ? ಬಟ್ಟೆ ಬದಲಿಸೋಕೆ ಜಾಗ, ಲಾಕರ್ ಇದೆಯಾ? ಉತ್ತರ ಕೊಟ್ಟವರ ಹೆಸರು, ದಿನ ಬರೆದಿಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ, ಯಾರೋ ಹೋದ ವರ್ಷ ಹಾಕಿಕೊಂಡು ಹೋದ ರೀಲ್ಸ್ ನೋಡಿ ನಂಬುವುದು. ಅದು ಯಾವ ದಿನದ್ದು, ಯಾವ ವಿಶೇಷ ಕಾರ್ಯಕ್ರಮದ್ದು ಅಂತ ಆ ವಿಡಿಯೊದಲ್ಲಿ ಇರಲ್ಲ.

3. ಯಾವ ರೈಡ್ ಹತ್ತುತ್ತಾರೆ ಅಂತ ಪಟ್ಟಿ ಮಾಡಿ

ಎತ್ತರದ ಡ್ರೈ ರೈಡ್‌ಗಳಲ್ಲಿ ಸೀಟಿನ ಬೆಲ್ಟು, ಭುಜದ ಮೇಲೆ ಬೀಳುವ ಸರಳು ಮೈಗೆ ಸರಿಯಾಗಿ ಒತ್ತಬೇಕು. ವೇಷದೊಳಗೆ ಸ್ಪಂಜು ತುಂಬಿ ತೋಳು, ಎದೆ ದಪ್ಪ ಮಾಡಿದ್ದರೆ ಬೆಲ್ಟು ಸ್ಪಂಜನ್ನು ಹಿಡಿಯುತ್ತದೆ, ಮಗುವನ್ನಲ್ಲ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಭಯದ ವಿಷಯ. ಸ್ಪಂಜು ತುಂಬಿದ ವೇಷದಲ್ಲಿ ಯಾವ ದೊಡ್ಡ ರೈಡೂ ಬೇಡ.

ಗೋ-ಕಾರ್ಟ್, ಅಂದರೆ ನೆಲಕ್ಕೆ ಅಂಟಿಕೊಂಡಂತೆ ಓಡುವ ಪುಟ್ಟ ರೇಸ್ ಗಾಡಿ. ಅದರ ಚಕ್ರ, ಚಕ್ರದ ಸರಳು ಬೆನ್ನ ಹಿಂದೆಯೇ ತೆರೆದುಕೊಂಡು ತಿರುಗುತ್ತಿರುತ್ತವೆ. ಬಿಟ್ಟ ಕೂದಲು ಸಿಕ್ಕಿ ನಮ್ಮ ದೇಶದಲ್ಲಿ ಜೀವಗಳೇ ಹೋಗಿವೆ, ವೇಲೂ ಹಾಗೆಯೇ ಸಿಕ್ಕಬಹುದು. ಕೇಪ್, ವೇಲು, ಉದ್ದ ವಿಗ್ ಇದ್ದರೆ ಆ ಗಾಡಿಯ ಹತ್ತಿರವೂ ಹೋಗಬೇಡಿ. ಅಲ್ಲಿ ನಿಂತ ಹುಡುಗ ಪರವಾಗಿಲ್ಲ ಹತ್ತು ಅಂದರೂ ಹತ್ತಿಸಬೇಡಿ.

ನೀರಿನ ಜಾರುಬಂಡಿಯಲ್ಲಿ ಕಾಟನ್ ಯಾಕೆ ಬೇಡ ಅಂತ ಬಹಳ ಜನ ಕೇಳುತ್ತಾರೆ. ಕಾಟನ್ ನೀರು ಕುಡಿದು ಭಾರವಾಗುತ್ತದೆ. ಮೈಗೆ ಅಂಟಿ ಅರ್ಧದಲ್ಲಿ ಜಾರುವುದು ನಿಲ್ಲುತ್ತದೆ, ಹಿಂದೆ ಬರುವವರು ಬಂದು ಗುದ್ದುತ್ತಾರೆ. ಕೊಳದಲ್ಲಿ ಭಾರದ ಬಟ್ಟೆ ಕೆಳಗೆ ಎಳೆಯುತ್ತದೆ. ಅದರ ನೂಲು ನೀರು ಸೋಸುವ ಯಂತ್ರಕ್ಕೂ ಸಿಕ್ಕುತ್ತದೆ. ಇನ್ನು ಜಿಪ್ಪು, ಹುಕ್ಕು, ಮಣಿ, ಟಿಕಳಿ ಇದ್ದ ಬಟ್ಟೆ ಜಾರುಬಂಡಿಯ ಫೈಬರ್ ಮೇಲೆ ಗೀರು ಮಾಡುತ್ತದೆ, ಆ ಗೀರು ಮುಂದಿನ ಮಗುವಿನ ಬೆನ್ನು ತರಚುತ್ತದೆ. ಉದ್ದ ಬಟ್ಟೆ, ಬಿಟ್ಟ ಕೂದಲು ಕೊಳದ ನೀರು ಎಳೆಯುವ ಜಾಲರಿಗೂ ಸಿಕ್ಕಬಹುದು.

ಹಾಗಾಗಿ ದಿನವನ್ನು ಎರಡು ಭಾಗ ಮಾಡಿ. ಬೆಳಿಗ್ಗೆ ಹೊಕ್ಕ ಕೂಡಲೇ ವೇಷ, ಫೋಟೊ, ಸಣ್ಣ ಆಟಗಳು. ಆಮೇಲೆ ಬದಲಿಸಿ, ಲಾಕರ್‌ನಲ್ಲಿಟ್ಟು, ದೊಡ್ಡ ರೈಡು ಮತ್ತು ನೀರು. ಇದು ಉಲ್ಟಾ ಆದರೆ ಒದ್ದೆ ತಲೆ, ಬಾಡಿದ ಮುಖದ ಮೇಲೆ ವೇಷ ಹಾಕಬೇಕಾಗುತ್ತದೆ. ಯಾರೂ ಹಾಕಲ್ಲ.

4. ಬಟ್ಟೆ ಆರಿಸುವುದು, ಹೊಲಿಸುವುದು

ಬಾಡಿಗೆ ವೇಷ ತರಬೇಕಾ, ಹೊಲಿಸಬೇಕಾ? 10 ವರ್ಷದೊಳಗಿನವರಿಗೆ ಬಾಡಿಗೆಯೇ ಸಾಕು. ದೊಡ್ಡ ಮಕ್ಕಳಿಗೆ ಬಾಡಿಗೆ ಅಂಗಡಿಯಲ್ಲಿ ಅಳತೆಯೇ ಸಿಗುವುದಿಲ್ಲ. ಅಲ್ಲಿ ಇರುವುದು ಶಾಲಾ ಮಕ್ಕಳ ಸಣ್ಣ ಅಳತೆ, ಇಲ್ಲಾ ನಾಟಕದವರ ದೊಡ್ಡ ಅಳತೆ. 13-14ರ ಮಕ್ಕಳು ನಡುವೆ ಸಿಕ್ಕಿಬೀಳುತ್ತಾರೆ. ಬಿಗಿಯಾದ ಬಟ್ಟೆಯಲ್ಲಿ ತುರುಕಿದರೆ ಬೆಳೆಯುವ ವಯಸ್ಸಿನ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ದಿನವಿಡೀ ಮುಜುಗರ. ತರುವುದಾದರೆ ಬಾಡಿಗೆ ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕಿಯೇ ಹಾಕಿಸಿ. ಹತ್ತು ಜನರ ಬೆವರು ಕುಡಿದ ಬಟ್ಟೆ ಅದು. ತಲೆಯ ಕಿರೀಟ, ವಿಗ್‌ಗಳಿಂದ ಹೇನು, ಹುಳುಕಡ್ಡಿ ಬರುವುದು ಸುಳ್ಳಲ್ಲ.

ನಾನು ಎಲ್ಲರಿಗೂ ಹೇಳುವುದು, ಮೊದಲು ವೇಷವಲ್ಲದ ವೇಷ ಯೋಚಿಸಿ. ಡಿಸ್ನಿ ಪಾರ್ಕುಗಳಿಗೆ ಹೋಗುವ ದೊಡ್ಡವರು ಇದನ್ನು ಡಿಸ್ನಿಬೌಂಡಿಂಗ್ ಅನ್ನುತ್ತಾರೆ. ದಿನಾ ಹಾಕುವ ಬಟ್ಟೆಯನ್ನೇ ಪಾತ್ರದ ಬಣ್ಣದಲ್ಲಿ ಜೋಡಿಸುವುದು. ಮಿಕ್ಕಿ ಬೇಕಾ? ಕರಿ ಟಿ-ಶರ್ಟು, ಕೆಂಪು ಚಡ್ಡಿ, ಹಳದಿ ಬೂಟು. ಮುಗಿಯಿತು. ನೋಡಿದವರಿಗೆ ಗೊತ್ತಾಗುತ್ತದೆ, ನಿಯಮಕ್ಕೂ ಅಡ್ಡಿಯಿಲ್ಲ. ಕಿತ್ತೂರು ಚೆನ್ನಮ್ಮ ಬೇಕಾದರೆ ಪೂರ್ತಿ ಕಚ್ಚೆ ಸೀರೆಯೂ ಬೇಡ, ಕತ್ತಿಯೂ ಬೇಡ. ಗುಳೇದಗುಡ್ಡದ ಖಣದಲ್ಲಿ ಒಂದು ಜಾಕೆಟ್ ಹೊಲಿಸಿ ಜೀನ್ಸ್ ಮೇಲೆ ಹಾಕಲಿ, ಹಣೆಗೆ ಕುಂಕುಮ, ಕೂದಲು ಬಿಗಿಯಾಗಿ ತುರುಬು ಕಟ್ಟಲಿ. ಆ ಜಾಕೆಟ್ ಆಮೇಲೆ ಮದುವೆ ಮುಂಜಿಗೂ ಬರುತ್ತದೆ. ಹದಿಹರೆಯದವರಿಗೆ ಇದು ಬಹಳ ಹಿಡಿಸುತ್ತದೆ. ಪೂರ್ತಿ ವೇಷದಲ್ಲಿ ಎಲ್ಲರೂ ನೋಡುತ್ತಾರೆ ಅನ್ನುವ ಅಳುಕು ಇದರಲ್ಲಿ ಇಲ್ಲ.

ಪೂರ್ತಿ ವೇಷವೇ ಬೇಕು ಅಂದರೆ ಈ ಮಾತುಗಳನ್ನು ನಿಮ್ಮ ಟೇಲರ್‌ಗೆ ಓದಿ ಹೇಳಿ.

ಕೇಪನ್ನು ಕುತ್ತಿಗೆಗೆ ಲಾಡಿ ಕಟ್ಟುವಂತೆ ಹೊಲಿಯಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಲಾಡಿ ಗಂಟಲಿಗೆ ಬಿಗಿಯುತ್ತದೆ. ಎರಡೂ ಭುಜಕ್ಕೆ ವೆಲ್ಕ್ರೋ ಹಚ್ಚಿ, ಎಳೆದರೆ ತಾನೇ ಕಿತ್ತು ಬರಬೇಕು. ಉದ್ದ ಸೊಂಟದವರೆಗೆ ಸಾಕು, ಡಿಸ್ನಿಯವರ ಅಳತೆಯೇ ನಮಗೂ ಸರಿ. ಲಂಗ, ಗೌನು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರಲಿ. ರೈಡಿನ ಮೆಟ್ಟಿಲು ಕಬ್ಬಿಣದ ಜಾಳಿಗೆಯವು, ಅಂಚು ಸಿಕ್ಕಿದರೆ ಮಗು ಮುಗ್ಗರಿಸುತ್ತದೆ.

ಬಟ್ಟೆ ಯಾವುದು? ಅಗ್ಗದ ಸ್ಯಾಟಿನ್, ವೆಲ್ವೆಟ್, ದಪ್ಪ ಪಾಲಿಯೆಸ್ಟರ್ ಸ್ಟೇಜ್ ಮೇಲೆ ಹತ್ತು ನಿಮಿಷಕ್ಕೆ ಚೆಂದ. ಏಪ್ರಿಲ್, ಮೇ ಬಿಸಿಲಲ್ಲಿ ಸಾಲಿನಲ್ಲಿ ತಾಸುಗಟ್ಟಲೆ ನಿಲ್ಲೋಕೆ ಅಲ್ಲ. ಬೆವರು ಹೊರಗೆ ಹೋಗದೆ ಮೈ ಕಾಯುತ್ತದೆ, ತಲೆ ಸುತ್ತುತ್ತದೆ. ಡ್ರೈ ರೈಡಿನ ಭಾಗಕ್ಕೆ ತೆಳು ಕಾಟನ್ ಅಥವಾ ಟಿ-ಶರ್ಟಿನ ಹೊಸಿಯರಿ ಬಟ್ಟೆಯಲ್ಲೇ ಹೊಲಿಸಿ, ಹೊಳಪು ಬೇಕಾದ ಕಡೆ ಮಾತ್ರ ಸ್ಯಾಟಿನ್ ಪಟ್ಟಿ ಕೂಡಿಸಿ. ನೆಟ್ ಬಟ್ಟೆ ಮೈಗೆ ನೇರ ತಾಗಬಾರದು, ಒಳಗೆ ಕಾಟನ್ ಅಸ್ತರ್ ಕೊಡಿ, ಇಲ್ಲದಿದ್ದರೆ ಕತ್ತು, ಕಂಕುಳ ಕೆಂಪಗೆ ತುರಿಕೆ ಎದ್ದಿರುತ್ತದೆ. ಸಂಜೆ ರೆಸಾರ್ಟಿನಲ್ಲಿ ಕ್ಯಾಂಪ್‌ಫೈರ್ ಇದ್ದರೆ ಸಿಂಥೆಟಿಕ್ ವೇಷ ಕಳಚಿಯೇ ಹೋಗಲಿ. ಅದು ಉರಿಯುವಾಗ ಕರಗಿ ಮೈಗೆ ಅಂಟುತ್ತದೆ.

ಸೇಫ್ಟಿ ಪಿನ್ ಮೇಲೆ ನಿಂತ ವೇಷ ಪಾರ್ಕಿಗೆ ಬೇಡ. ಗ್ಯಾದರಿಂಗ್ ಸ್ಟೇಜಿನಲ್ಲಿ ನಾವೆಲ್ಲ 20 ಪಿನ್ ಹಚ್ಚಿ ಕಳಿಸುತ್ತೇವೆ, ಸರಿ. ರೈಡಿನಲ್ಲಿ ತಲೆಕೆಳಗಾದಾಗ ಆ ಪಿನ್ ಬಿಚ್ಚಿ ಎಲ್ಲಿ ಚುಚ್ಚುತ್ತದೆ ಅಂತ ಯೋಚಿಸಿ. ಪಿನ್ ಇದ್ದಲ್ಲೆಲ್ಲ ಟಿಚ್ ಬಟನ್ ಹಚ್ಚಿಸಿ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಶೌಚಾಲಯ. ತಲೆಯಿಂದ ಕಾಲಿನವರೆಗೆ ಒಂದೇ ಬಟ್ಟೆ, ಬೆನ್ನಿಗೆ ಜಿಪ್ಪು, ಹೀಗಿದ್ದರೆ ಮಗು ಒಬ್ಬರೇ ಹೋಗಿಬರೋಕೆ ಆಗಲ್ಲ. ನೀರು ಕುಡಿಯುವುದನ್ನೇ ಬಿಡುತ್ತಾರೆ. ಋತುಸ್ರಾವದ ದಿನ ಬಿದ್ದ ಹುಡುಗಿಗೆ ಅದು ನರಕ. ಮೇಲೆ ಕೆಳಗೆ ಎರಡು ಭಾಗ ಮಾಡಿಸಿ, ಜಿಪ್ಪು ಮುಂದಿರಲಿ. ಒಳಗೊಂದು ಸಣ್ಣ ಜೇಬು ಇಡಿಸಿ. ಪ್ಯಾಡ್, ಸ್ವಲ್ಪ ದುಡ್ಡು, ಅವ್ವನ ಫೋನ್ ನಂಬರ್ ಬರೆದ ಚೀಟಿ ಇಡೋಕೆ.

5. ಮುಖ, ಕೂದಲು, ಕಾಲು

ಪೂರ್ತಿ ಮುಖವಾಡ ಬೇಡವೇ ಬೇಡ. ಪಕ್ಕದಿಂದ ಬರುವವರು ಕಾಣಲ್ಲ, ಮೆಟ್ಟಿಲು ಕಾಣಲ್ಲ. ಕನ್ನಡಕ ಹಾಕುವ ಮಕ್ಕಳಿಗಂತೂ ಮಂಜು ಕಟ್ಟುತ್ತದೆ. ಟಿ-ಶರ್ಟಿನ ಹುಡ್‌ಗೇ ಪಾತ್ರದ ಕಣ್ಣು, ಕಿವಿ ಹೊಲಿಸಿಕೊಡಿ, ಬೇಕೆಂದಾಗ ಎಳೆದುಕೊಳ್ಳಲಿ.

ಬಣ್ಣ ಹಚ್ಚುವುದಾದರೆ ಚರ್ಮಕ್ಕೆಂದೇ ಇರುವ, ನೀರಿನಲ್ಲಿ ಕರಗುವ ಫೇಸ್ ಪೇಂಟ್ ತನ್ನಿ. ರಂಗಪಂಚಮಿಗೆ ತಂದು ಉಳಿದ ಬಣ್ಣ, ಚಿತ್ರ ಬರೆಯುವ ಪೇಂಟ್ ಮುಖಕ್ಕೆ ಬೇಡ. ಹಿಂದಿನ ದಿನ ಮೊಣಕೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ 24 ತಾಸು ನೋಡಿ. ಕೆಂಪಾದರೆ ಬಿಟ್ಟುಬಿಡಿ. ಮೊಡವೆ ಬರುವ ವಯಸ್ಸಿನವರಿಗೆ ಪೂರ್ತಿ ಮುಖಕ್ಕೆ ಬೇಡ, ಕೆನ್ನೆಯ ಮೇಲೆ ಒಂದು ಗುರುತು ಸಾಕು. ನೀರಿಗೆ ಇಳಿಯುವ ಮೊದಲು ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಸೋಪಿನಿಂದ ತೊಳೆಯಬೇಕು.

ಕೂದಲು ಕಟ್ಟಿರಲಿ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಬೂಟು. ಗೆಜ್ಜೆ, ಬಳೆ, ಮೂಗುತಿ ಮನೆಯಲ್ಲಿರಲಿ.

6. ಕತ್ತಿ, ಬಿಲ್ಲು, ಗದೆ

ಬಿಟ್ಟು ಹೋಗಿ. ಪ್ಲಾಸ್ಟಿಕ್ ಆದರೂ, ರಟ್ಟಿನದಾದರೂ ಗೇಟಿನಲ್ಲಿ ತಡೆಯುವ ಸಾಧ್ಯತೆಯೇ ಜಾಸ್ತಿ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 2015ರ ಕೊನೆಯಿಂದ ಆಟಿಕೆ ಬಂದೂಕನ್ನೇ ನಿಲ್ಲಿಸಿದ್ದಾರೆ. ದೂರದಿಂದ ನೋಡಿದ ಕಾವಲಿನವರಿಗೆ ಆಟಿಕೆ ಯಾವುದು, ನಿಜ ಯಾವುದು ಗೊತ್ತಾಗಲ್ಲ. ನಾನು ಹೊಲಿದುಕೊಟ್ಟ ಸಂಗೊಳ್ಳಿ ರಾಯಣ್ಣನ ವೇಷದ ಹುಡುಗನೊಬ್ಬ ಒಂದು ಪಾರ್ಕಿನ ಗೇಟಿನಲ್ಲಿ ಕತ್ತಿ ಬಿಟ್ಟು ಒಳಗೆ ಹೋದ. ಸಂಜೆ ಬಂದರೆ ಅದು ಸಿಗಲಿಲ್ಲ. ಒಂದು ವಾರ ಕೂತು ಅವನೇ ಮಾಡಿದ ಕತ್ತಿ ಅದು.

ಕತ್ತಿ ಸಮೇತ ಕಾಸ್‌ಪ್ಲೇ ಮಾಡುವ ಆಸೆ ಇರುವ 15-16ರ ಮಕ್ಕಳಿಗೆ ಪಾರ್ಕಿಗಿಂತ ಬೆಂಗಳೂರಿನಲ್ಲಿ ನಡೆಯುವ ಕಾಮಿಕ್ ಕಾನ್ ಸರಿಯಾದ ಜಾಗ. ಅಲ್ಲಿ ವೇಷ ಹಾಕಿದ ದೊಡ್ಡವರೂ ಬಹಳ ಜನ ಇರುತ್ತಾರೆ. ಪ್ರಾಪ್‌ಗಳಿಗೆ ಅಲ್ಲಿಯೂ ನಿಯಮ ಇದೆ, ಓದಿಕೊಂಡು ಹೋಗಿ.

7. ಮನೆಯಲ್ಲಿ ಒಂದು ತಾಲೀಮು

ಹೊರಡುವ ಒಂದು ವಾರ ಮೊದಲು ಪೂರ್ತಿ ವೇಷ ಹಾಕಿಸಿ ಎರಡು ತಾಸು ಬಿಡಿ. ಕೂತು ಏಳಲಿ, ಮೆಟ್ಟಿಲು ಹತ್ತಲಿ, ಊಟ ಮಾಡಲಿ, ಎರಡೂ ಕೈ ಮೇಲೆತ್ತಲಿ, ಒಬ್ಬರೇ ಬಾತ್‌ರೂಮಿಗೆ ಹೋಗಿಬರಲಿ. ಸಂಜೆ ಉಣಕಲ್ ಕೆರೆ ದಂಡೆ ಮೇಲೋ, ಗದಗಿನವರಾದರೆ ಭೀಷ್ಮ ಕೆರೆ ಹತ್ತಿರವೋ ಒಂದು ಸುತ್ತು ಹಾಕಿಸಿ. ಜನರ ನಡುವೆ ಹೇಗನ್ನಿಸುತ್ತದೆ ಅಂತ ಮಗುವಿಗೇ ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಇಲ್ಲೇ ಅನ್ನಿಸಲಿ, 400 ಕಿಲೋಮೀಟರ್ ಹೋದ ಮೇಲೆ ಅಲ್ಲ.

ಅತಿ ಸೂಕ್ಷ್ಮ ಸ್ಪರ್ಶದ ಮಕ್ಕಳು, ಆಟಿಸಂ ಇರುವ ಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ಅವರಲ್ಲಿ ಕೆಲವರಿಗೆ ಒಂದು ಪಾತ್ರದ ಬಟ್ಟೆ ಮೈಮೇಲಿದ್ದರೆ ಗದ್ದಲದ ಜಾಗದಲ್ಲೂ ಧೈರ್ಯ. 17 ಆದರೂ ಅದೇ ಬಟ್ಟೆ ಬೇಕು ಅನ್ನಬಹುದು. ಕೊಡಿ. ಒಳಗಿನ ಲೇಬಲ್ ಕಿತ್ತುಹಾಕಿ, ಹೊಲಿಗೆಯ ಅಂಚು ಹೊರಮುಖ ಬರುವಂತೆ ತಿರುಗಿಸಿ ಹೊಲಿಸಿ, ಒಂದೆರಡು ಸಲ ತೊಳೆದು ಮೆತ್ತಗೆ ಮಾಡಿ. ಪಾರ್ಕಿಗೆ ಮೊದಲೇ ಫೋನ್ ಮಾಡಿ ಮಗುವಿನ ಪರಿಸ್ಥಿತಿ ತಿಳಿಸಿ. ವಯಸ್ಸಿನ ನಿಯಮ ಬಿಗಿಯಾಗಿರುವ ಕಡೆ ಪಾತ್ರದ ಚಿತ್ರ ಇರುವ ಟಿ-ಶರ್ಟನ್ನು ಎರಡು ತಿಂಗಳ ಮೊದಲಿಂದಲೇ ರೂಢಿ ಮಾಡಿಸಿ. ಗೇಟಿನಲ್ಲಿ ನಿಂತು ತಟ್ಟನೆ ಬಟ್ಟೆ ಬದಲಿಸು ಅಂದರೆ ಆ ಮಗು ಎಷ್ಟು ಒದ್ದಾಡುತ್ತದೆ ಅಂತ ಹೆತ್ತವರಿಗೆ ಗೊತ್ತು.

8. ಪ್ರಯಾಣದ ದಿನ

ವೇಷ ಹಾಕಿಕೊಂಡು ರೈಲು ಹತ್ತಬೇಡಿ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಬೆಳಿಗ್ಗೆ ಅಲ್ಲಿಂದ ಬಿಡದಿಗೆ ಹೋಗುವುದಾದರೆ, ಬಟ್ಟೆ ಮಡಚಿ ಬ್ಯಾಗಿನ ಮೇಲ್ಭಾಗದಲ್ಲಿರಲಿ. ಪಾರ್ಕಿನ ಒಳಗೆ ಹೋದ ಮೇಲೆ ಬದಲಿಸುವುದೇ ಒಳ್ಳೆಯದು. ಬ್ಯಾಗ್ ತಪಾಸಣೆ ಸಾದಾ ಬಟ್ಟೆಯಲ್ಲಿ ಬೇಗ ಮುಗಿಯುತ್ತದೆ, ಬೇಡ ಅಂದರೆ ಬ್ಯಾಗಿನಲ್ಲೇ ಇರುತ್ತದೆ. ಶಾಲಾ ಟ್ರಿಪ್ ಆದರೆ ಶಿಕ್ಷಕರಿಗೆ ಮೊದಲೇ ಹೇಳಿ. 60 ಮಕ್ಕಳ ಲೆಕ್ಕ ಇಡುವವರು ಸಮವಸ್ತ್ರದ ಬಣ್ಣ ನೋಡಿಯೇ ಎಣಿಸುತ್ತಾರೆ, ಒಬ್ಬ ಬೇರೆ ಬಟ್ಟೆಯಲ್ಲಿದ್ದರೆ ಎಣಿಕೆ ತಪ್ಪುತ್ತದೆ.

ಗೇಟಿನಲ್ಲಿ ಬೇಡ ಅಂದರೆ ಜಗಳ ಆಡಬೇಡಿ. ಮಗುವಿನ ಮುಂದೆ ದನಿ ಏರಿಸಿದರೆ ಅದು ತನ್ನಿಂದಲೇ ಇದೆಲ್ಲ ಆಯ್ತು ಅಂದುಕೊಳ್ಳುತ್ತದೆ. ಸಾದಾ ಬಟ್ಟೆ ಇದೆಯಲ್ಲ, ಬದಲಿಸಿ ಒಳಗೆ ಹೋಗಿ.

9. ಪಾರ್ಕಿನ ಒಳಗೆ

ಸಣ್ಣ ಮಕ್ಕಳು ಓಡಿಬಂದು ಫೋಟೊ ಕೇಳಬಹುದು. ಆ ಮಗುವಿನ ತಂದೆತಾಯಿ ಎದುರಿಗೆ ಇದ್ದಾಗ ಮಾತ್ರ, ಮೈ ಮುಟ್ಟದೆ ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳಲಿ ಅಂತ ನಿಮ್ಮ ಮಗನಿಗೆ ಹೇಳಿಕೊಡಿ. ನಾನು ಪಾರ್ಕಿನವನು ಅಂತ ತಮಾಷೆಗೂ ಹೇಳಬಾರದು.

ನಿಮ್ಮ ಮಕ್ಕಳ ಫೋಟೊ ಅಪರಿಚಿತರು ಕೇಳಿದರೆ ಬೇಡ ಅನ್ನುವ ಹಕ್ಕು ಅವರಿಗಿದೆ. ಇದನ್ನು ಬಾಯಿಬಿಟ್ಟು ಹೇಳಿಕೊಡಿ, ಹುಡುಗಿಯರಿಗೂ ಹುಡುಗರಿಗೂ. "ಬ್ಯಾಡ್ರಿ, ನಮ್ಮ ಅವ್ವ ಅಲ್ಲಿದ್ದಾರ" ಅಂದು ನಡೆದು ಬಂದರೆ ಸಾಕು. ಯಾರಾದರೂ ಕೇಳದೆ ವಿಡಿಯೊ ಮಾಡಿದರೆ, ಮುಟ್ಟಿದರೆ, ಹಿಂದೆ ಬಿದ್ದರೆ ನೇರ ಪಾರ್ಕಿನ ಸಿಬ್ಬಂದಿಗೆ ತೋರಿಸಿ. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಮಕ್ಕಳಿಗೆ ಬಾಯಿಪಾಠ ಇರಲಿ. ವೇಷ ಹಾಕಿದ್ದಕ್ಕೇ ಹೀಗಾಯ್ತು ಅಂತ ಮಗುವನ್ನು ಮಾತ್ರ ಬೈಯಬೇಡಿ, ತಪ್ಪು ಅದರದ್ದಲ್ಲ.

ಅರ್ಧ ತಾಸಿಗೊಮ್ಮೆ ನೀರು ಕುಡಿಸಿ. ಮುಖ ಕೆಂಪಾಗಿ ಬೆವರು ನಿಂತರೆ, ತಲೆನೋವು, ವಾಂತಿ ಅಂದರೆ, ಕೂಡಲೇ ನೆರಳಿಗೆ ಕರೆದುಕೊಂಡು ಹೋಗಿ ವೇಷ ಬಿಚ್ಚಿ, ಒದ್ದೆ ಟವೆಲ್ ಕುತ್ತಿಗೆ ಕಂಕುಳಿಗೆ ಇಟ್ಟು ಅಲ್ಲಿನ ಪ್ರಥಮ ಚಿಕಿತ್ಸೆ ಕೋಣೆಗೆ ಒಯ್ಯಿರಿ. ಇನ್ನೊಂದು ಫೋಟೊ ಆಗಲಿ ಅಂತ ಕಾಯಬೇಡಿ.

ಫೋಟೊ ಹಾಕುವಾಗ ಮಗುವಿಗೆ ತೋರಿಸಿ, ಹೂಂ ಅಂದಮೇಲೆ ಹಾಕಿ. 12 ವರ್ಷದವನಿಗೆ ಖುಷಿಯಾಗಿ ಕಂಡ ಫೋಟೊ ಹತ್ತನೇ ಕ್ಲಾಸಿನಲ್ಲಿ ಗೆಳೆಯರ ಕೈಗೆ ಸಿಕ್ಕಿ ಕಾಡಿಸುವ ವಸ್ತು ಆಗಬಹುದು. ಶಾಲೆಯ ಹೆಸರು, ಬ್ಯಾಡ್ಜ್ ಕಾಣುವ ಫೋಟೊ ಬೇಡ.

10. ಮನೆಗೆ ಬಂದ ಮೇಲೆ

ಕೊಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಈಜುಡುಗೆಯನ್ನು ಅವತ್ತೇ ಸಾದಾ ನೀರಿನಲ್ಲಿ ಹಿಂಡಿ, ಇಲ್ಲದಿದ್ದರೆ ಬಣ್ಣವೂ ಹೋಗುತ್ತದೆ, ಎಳೆತವೂ ಹೋಗುತ್ತದೆ. ವೇಷವನ್ನು ತಣ್ಣೀರಿನಲ್ಲಿ ಕೈಯಿಂದ ತೊಳೆದು ನೆರಳಿಗೆ ಹಾಕಿ. ವೆಲ್ಕ್ರೋ ಮುಚ್ಚಿಯೇ ತೊಳೆಯಿರಿ, ತೆರೆದಿದ್ದರೆ ಜರಿ ಕಿತ್ತುಬರುತ್ತದೆ. ಹೊಲಿಸುವಾಗಲೇ ಪಕ್ಕದಲ್ಲಿ ಎರಡು ಇಂಚು ಬಟ್ಟೆ ಬಿಡಿಸಿದ್ದರೆ ಮುಂದಿನ ಸೂಟಿಗೆ ಬಿಚ್ಚಿ ದೊಡ್ಡದು ಮಾಡಬಹುದು. ಈ ವಯಸ್ಸಿನಲ್ಲಿ ಮಕ್ಕಳು ಒಂದೇ ವರ್ಷಕ್ಕೆ ನಾಲ್ಕು ಬೆರಳು ಬೆಳೆದುಬಿಡುತ್ತಾರೆ, ಅಳತೆ ತೆಗೆಸೋಕೆ ಬರುವಾಗ ಹಳೆಯ ಬಟ್ಟೆಯನ್ನೂ ಜೊತೆಗೆ ತನ್ನಿ.